ಕಣ್ಣು ಬಲಕ್ಕೆ ಹೋದರೆ ಸುಳ್ಳು ಅಂತಲ್ಲ

ಮಾತಾಡುವಾಗ ಕಣ್ಣು ಬಲಕ್ಕೆ, ಮೇಲಕ್ಕೆ ಹೋದರೆ ಸುಳ್ಳು, ಎಡಕ್ಕೆ ಹೋದರೆ ನಿಜವಾದ ನೆನಪು. ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಕೇಳಲು ನಂಬುವಂತೆಯೇ ಇದೆ, ಆದರೆ ಸರಿಯಲ್ಲ.

1970ರ ದಶಕದ ಒಂದು ತರಬೇತಿ ಪದ್ಧತಿಯಿಂದ ಬಂದ ಮಾತಿದು. 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಳ್ಳು ಹೇಳುವವರ, ನಿಜ ಹೇಳುವವರ ಕಣ್ಣಿನ ಚಲನೆಯನ್ನು ವಿಡಿಯೊದಲ್ಲಿ ಎಣಿಸಿ ನೋಡಿದರು. ಅಂಥ ವ್ಯತ್ಯಾಸವೇ ಸಿಗಲಿಲ್ಲ. ಈ ಸೂತ್ರ ಕಲಿತವರೂ ಸುಳ್ಳು ಹಿಡಿಯುವುದರಲ್ಲಿ ಉಳಿದವರಿಗಿಂತ ಮುಂದಿರಲಿಲ್ಲ.

ಹಾಗಂತ ಕಣ್ಣಿಗೂ ಮನಸ್ಸಿನ ಚಿತ್ರಕ್ಕೂ ನಂಟೇ ಇಲ್ಲ ಅಂತಲ್ಲ. ನಂಟು ಇದೆ, ತುಂಬ ಚೆನ್ನಾಗಿಯೇ ಇದೆ! ಮೊದಲು ನೋಡಿದ ಚಿತ್ರವನ್ನು ಖಾಲಿ ಪರದೆಯ ಮುಂದೆ ನೆನಪಿಸಿಕೊಂಡರೆ, ಆ ವಸ್ತು ಇದ್ದ ಜಾಗದ ಕಡೆಗೇ ಕಣ್ಣು ಹೊರಳುವುದು ಜಾಸ್ತಿ. ಕಷ್ಟದ ಪ್ರಶ್ನೆ ಬಂದಾಗ ಎದುರಿನವರ ಮುಖದಿಂದ ನೋಟ ಸರಿಸುವುದೂ ಸಹಜ, ಯೋಚಿಸಲು ಅದು ನೆರವಾಗುತ್ತದೆ. ಅದನ್ನೇ ನೋಡಿ ಸುಮ್ನೆ ಒಬ್ಬರನ್ನು ಅನುಮಾನಿಸಿದರೆ ಎಷ್ಟು ನೋವಾಗುತ್ತದೆ, ಅಲ್ವಾ?

ನೀವೇ ಪರೀಕ್ಷಿಸಬಹುದು. ನಿಜವೆಂದು ಗೊತ್ತಿರುವ ವಿಷಯಗಳನ್ನೇ ನಾಲ್ಕೈದು ಜನರಿಗೆ ಕೇಳಿ. ಕಣ್ಣು ಹೋದ ದಿಕ್ಕನ್ನು ಬರೆದಿಡಿ. ಸೂತ್ರಕ್ಕೆ ಹೊಂದದ ಉತ್ತರಗಳನ್ನೂ ಬಿಡದೆ ಎಣಿಸಿ.