ಒಲೆ ಮಾರುವ ಮುನ್ನ ಮನೆಯ ಅಳತೆ ಕೇಳಿದವನು

ಮನೆ ಬೆಚ್ಚಗಿಡಲೆಂದು ನಾನು ಕೇಳಿದ ಕಟ್ಟಿಗೆ ಒಲೆಯನ್ನು ಕೊಡಲು ಅಂಗಡಿಯವನು ಒಪ್ಪಲಿಲ್ಲ. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ರಾಜ್ಯದಲ್ಲಿ ನೂರು ವರ್ಷ ದಾಟಿದ ಮರದ ಮನೆಯೊಂದನ್ನು ಕೊಂಡು, ಕಿಟಕಿ ಮುಚ್ಚಿದ್ದರೂ ಪರದೆ ಅಲುಗಾಡುವ ಆ ಮನೆಯಲ್ಲಿ ಒಂದು ಚಳಿಗಾಲವಿಡೀ ನಡುಗಿದ್ದ ನಾನು, ಅಂಗಡಿಯಲ್ಲಿದ್ದವುಗಳಲ್ಲೇ ದೊಡ್ಡದಾದ, ಮೂರು ಘನ ಅಡಿಗೂ ಹೆಚ್ಚು ಕಟ್ಟಿಗೆ ಹಿಡಿಯುವ ಒಲೆಯನ್ನು ತೋರಿಸಿ ಬೆಲೆ ಕೇಳಿದ್ದೆ. ಆತ ಬೆಲೆ ಹೇಳಲಿಲ್ಲ. ಒಲೆ ಇಡುವ ಕೋಣೆ ಎಷ್ಟು ಅಡಿ, ಸೂರು ಎಷ್ಟು ಎತ್ತರ, ಅಟ್ಟದಲ್ಲಿ ಶಾಖ ತಡೆಯುವ ಹೊದಿಕೆ ಎಷ್ಟು ದಪ್ಪ, ಚಿಮಣಿ ಮನೆಯ ಒಳಗಿನಿಂದ ಏರುತ್ತದೆಯೋ ಹೊರಗೋಡೆಗೆ ಅಂಟಿಕೊಂಡಿದೆಯೋ ಎಂದು ಒಂದೊಂದಾಗಿ ಕೇಳಿದ. ಅರ್ಧಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಮೊದಲು ಗಾಳಿ ನುಗ್ಗುವ ಸಂದುಗಳನ್ನು ಮುಚ್ಚಿಸಿ, ಮನೆ ಅಳೆದುಕೊಂಡು ಬನ್ನಿ, ಒಲೆಯ ಮಾತು ಆಮೇಲೆ ಎಂದು ಕಳುಹಿಸಿಬಿಟ್ಟ.

ಅವಮಾನವಾಯಿತು. ಚಿತ್ರದುರ್ಗದಲ್ಲಿರುವ ಅಣ್ಣನಿಗೆ ಫೋನ್ ಮಾಡಿ ಹೇಳಿಕೊಂಡೆ. "ದುಡ್ಡು ಕೊಡ್ತೀನಿ ಅಂದ್ರೂ ಕೊಡದೋನು ಎಂಥ ವ್ಯಾಪಾರಸ್ಥನಪ್ಪ? ನೀನು ದೊಡ್ಡದೇ ತಗಳಪ್ಪ, ಜಾಸ್ತಿ ಆತು ಅಂದ್ರೆ ಎರಡು ಕಟ್ಟಿಗೆ ಕಮ್ಮಿ ಹಾಕಿದ್ರಾತು" ಎಂದ. ನನಗೂ ಅದೇ ಸರಿ ಎನಿಸಿತ್ತು.

ಅದು ಸರಿಯಲ್ಲವೆಂದು ತಿಳಿಯಲು ಕೆಲವು ವಾರ ಬೇಕಾದವು. ಇಲ್ಲಿನ ಕಬ್ಬಿಣದ ಒಲೆ ಬಾಗಿಲು ಮುಚ್ಚಿಕೊಂಡು ಉರಿಯುವಂಥದ್ದು. ಉರಿ ಹೆಚ್ಚು ಕಡಿಮೆ ಮಾಡುವುದು ಗಾಳಿಯ ಕಿಂಡಿಯಿಂದ. ಕೋಣೆಗೆ ಬೇಕಾದುದಕ್ಕಿಂತ ಒಲೆ ದೊಡ್ಡದಾದರೆ ಸೆಕೆ ತಾಳಲಾರದೆ ಕಿಂಡಿ ಮುಚ್ಚುತ್ತೇವೆ, ಗಾಳಿ ಸಿಗದ ಕಟ್ಟಿಗೆ ಜ್ವಾಲೆಯಿಲ್ಲದೆ ಹೊಗೆಯಾಡುತ್ತದೆ, ಆ ಹೊಗೆ ತಣ್ಣನೆಯ ಚಿಮಣಿಯ ಒಳಮೈಗೆ ಡಾಂಬರಿನಂತೆ ಮೆತ್ತಿಕೊಳ್ಳುತ್ತದೆ. ಕ್ರಿಯೋಸೋಟ್ ಎಂದು ಕರೆಯುವ ಈ ಜಿಡ್ಡು ನಮ್ಮ ಅಡುಗೆಮನೆಯ ಇಲ್ಲಣದಂತೆ ಪೊರಕೆಗೆ ಉದುರುವುದಿಲ್ಲ. ಒಂದು ದಿನ ಹೊತ್ತಿಕೊಂಡರೆ ಚಿಮಣಿಯೇ ಉರಿಯುತ್ತದೆ. ಒಲೆ ತೀರ ಚಿಕ್ಕದಾದರೂ ಕೇಡೇ, ಏಕೆಂದರೆ ಮನೆ ಬೆಚ್ಚಗಾಗಲಿಲ್ಲವೆಂದು ಅದಕ್ಕೆ ಮಿತಿಮೀರಿ ಉಣಿಸಿ, ಕಬ್ಬಿಣ ಕೆಂಪಗಾಗಿ ಸೊಟ್ಟಗಾಗುವವರೆಗೆ ಕಾಯಿಸುತ್ತೇವೆ. ತಯಾರಕರು ಇಷ್ಟು ಚದರ ಅಡಿಗೆ ಸಾಕು ಎಂದು ಅಚ್ಚು ಹಾಕಿಸುವ ಅಂಕಿಗೆ ನಮ್ಮ ಮನೆ ಎಷ್ಟು ಸೋರುತ್ತದೆಂಬುದು ತಿಳಿದಿರುವುದಿಲ್ಲ.

ಸೋರುವುದು ಎಲ್ಲೆಂದು ಕಂಡುಕೊಳ್ಳಲು ದೇವರ ಮುಂದೆ ಹಚ್ಚುವ ಊದಿನಕಡ್ಡಿಯೇ ಸಾಕಾಯಿತು. ಗಾಳಿ ಬೀಸುತ್ತಿದ್ದ ಒಂದು ಮುಂಜಾನೆ ಕಡ್ಡಿ ಹಚ್ಚಿಕೊಂಡು ಗೋಡೆಯ ಅಂಚಿನಲ್ಲಿ ನಿಧಾನವಾಗಿ ನಡೆದೆ. ನಡುಮನೆಯಲ್ಲಿ ದಾರದಂತೆ ನೇರವಾಗಿ ಏರುತ್ತಿದ್ದ ಹೊಗೆ, ಕಿಟಕಿಯ ಚೌಕಟ್ಟಿನ ಹತ್ತಿರ ಬಂದೊಡನೆ ಮುರಿದು ನನ್ನ ಮುಖಕ್ಕೆ ಹೊಡೆಯಿತು. ಕಲ್ಲಿನ ತಳಪಾಯದ ಮೇಲೆ ಮರದ ತೊಲೆ ಕೂರುವ ಸಂದಿನಲ್ಲಿ ಒಳಕ್ಕೆ ಬಾಗಿತು. ಅಟ್ಟದ ಬಾಗಿಲ ಕೆಳಗೆ ಹಿಡಿದಾಗ ಯಾರೋ ಮೇಲಿನಿಂದ ಹೀರಿದಂತೆ ಸರ್ರನೆ ಮಾಯವಾಯಿತು. ಬೆಚ್ಚನೆಯ ಗಾಳಿ ಅಟ್ಟದಿಂದ ಹೊರಬೀಳುತ್ತಿದ್ದಂತೆ ಅಷ್ಟೇ ತಣ್ಣನೆಯ ಗಾಳಿ ಬುಡದಿಂದ ಒಳಬರುತ್ತಿತ್ತು, ಅಂದರೆ ಮನೆಗೆ ಮನೆಯೇ ಚಿಮಣಿಯಾಗಿತ್ತು. ಇಂಥ ಮನೆಯಲ್ಲಿ ಒಲೆಯ ಹೊಗೆ ತನ್ನ ದಾರಿ ಬಿಟ್ಟು ಕೋಣೆಗೆ ಮರಳುವುದೂ ಉಂಟು. ಆ ಬೇಸಿಗೆ ಸಂದುಗಳಿಗೆ ಅಂಟು ತುಂಬಿಸಿ, ಬಾಗಿಲಂಚಿಗೆ ರಬ್ಬರ್ ಪಟ್ಟಿ ಬಡಿದು, ಹಳೆಯ ಪತ್ರಿಕೆಗಳ ಕಾಗದದಿಂದ ಮಾಡುವ ಸೆಲ್ಯುಲೋಸನ್ನು ಅಟ್ಟದಲ್ಲಿ ಒಂದು ಅಡಿಗೂ ದಪ್ಪವಾಗಿ ಹರಡಿಸಿದೆ. ಮತ್ತೆ ಹೋದಾಗ ಅಂಗಡಿಯವನು ಅಳತೆ ಬರೆದ ನನ್ನ ಚೀಟಿ ನೋಡಿ ಎರಡು ಘನ ಅಡಿಯ ಒಲೆ ಕೊಟ್ಟ. ಅದರ ಬೆಲೆಯೂ ಕಡಿಮೆಯಿತ್ತು. ಕಟ್ಟಿಗೆಯ ತೇವ ನೂರಕ್ಕೆ 20ರೊಳಗೆ ಇರಬೇಕು, ಓಕ್ ಮರವಾದರೆ ಸೀಳಿ ಎರಡು ವರ್ಷವಾದರೂ ಒಣಗಿಸಿ ಎಂದು ಎರಡು ಸಲ ಹೇಳಿ ಕಳುಹಿಸಿದ.

ನಮ್ಮ ಕಡೆ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲವೆಂಬುದು ನನ್ನ ಬಹುದಿನದ ಸಂಕಟ. ಹಿಂದಿನ ಸಲ ಊರಿಗೆ ಬಂದಾಗ ದಾವಣಗೆರೆಯ ಅಂಗಡಿಯೊಂದರಲ್ಲಿ ಅಮ್ಮನಿಗೆಂದು ಗೀಸರ್ ಕೊಂಡೆ. 25 ಲೀಟರಿನದು ಎಂದೆ, ಕೊಟ್ಟರು. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದ್ದರೆ ಒಬ್ಬರೇ ಎನ್ನುತ್ತಿದ್ದೆ, ಅಮ್ಮ ಒಂದು ಬಕೆಟ್ ನೀರಿಗಾಗಿ ದಿನವೂ ಅಷ್ಟು ನೀರು ಕಾಯಿಸುವುದು ತಪ್ಪುತ್ತಿತ್ತು. ಹೊಳಲ್ಕೆರೆಯ ಕಡೆ ನಮ್ಮ ಚಿಕ್ಕಪ್ಪ ಅಡಿಕೆ ತೋಟದ ಬೋರಿಗೆ ಪಕ್ಕದವರಿಗಿಂತ ದೊಡ್ಡ ಮೋಟರ್ ಇಳಿಸಿದರು. ಬೋರಿನಲ್ಲಿ ನೀರು ಹೆಚ್ಚಲಿಲ್ಲ, ಅರ್ಧ ಗಂಟೆಗೆ ಖಾಲಿಯಾಗಿ ಮೋಟರ್ ಸುಟ್ಟಿತು. ಬೋರು ಎಷ್ಟು ನೀರು ಕೊಡುತ್ತದೆಂದು ಮಾರಿದವರು ಕೇಳಲಿಲ್ಲ, ಚಿಕ್ಕಪ್ಪ ಹೇಳಲಿಲ್ಲ. ಕೇಳಿದರೆ ಗಿರಾಕಿ ಎದ್ದು ಹೋಗುತ್ತಾನೆ ಎಂಬ ಭಯ ಒಬ್ಬರದು, ಚಿಕ್ಕದು ಕೊಂಡರೆ ಕೈ ಬಿಗಿ ಎಂದುಕೊಂಡಾರು ಎಂಬ ಅಳುಕು ಇನ್ನೊಬ್ಬರದು.

ಇಷ್ಟು ಬರೆದ ಮೇಲೆ ಅಣ್ಣನ ಮಾತಿಗೆ ನ್ಯಾಯ ಸಲ್ಲಿಸದೆ ಇರಲಾರೆ. ಅವನ ಕಣ್ಣ ಮುಂದಿದ್ದದ್ದು ನಮ್ಮ ಒಲೆ. ಬೆಣ್ಣೆ ದೋಸೆಯ ಹೋಟೆಲಿನಲ್ಲಿ ಹಂಚು ಹೆಚ್ಚು ಕಾದಾಗ ಉರಿಯುವ ಕೊಳ್ಳಿಯನ್ನೇ ಹಿಂದಕ್ಕೆಳೆಯುತ್ತಾರೆ. ಬಾಯಿ ತೆರೆದ ಒಲೆಗೆ ಗಾಳಿಯ ಕೊರತೆಯಿಲ್ಲದ್ದರಿಂದ ಉಳಿದ ಕಟ್ಟಿಗೆ ಚೆನ್ನಾಗಿಯೇ ಉರಿಯುತ್ತದೆ. ಅಲ್ಲಿ ಎರಡು ಕಟ್ಟಿಗೆ ಕಡಿಮೆ ಹಾಕುವುದು ಸರಿಯಾದ ವಿದ್ಯೆ. ಇಲ್ಲಿಯೂ ದೊಡ್ಡ ಒಲೆಯಲ್ಲಿ ಚಿಕ್ಕ, ಚುರುಕಾದ ಉರಿ ಮಾಡಬಹುದು, ಆದರೆ ಯಾರಾದರೂ ಎದುರಿಗೆ ಕೂತಿರಬೇಕು. ರಾತ್ರಿಗೆಂದು ತುಂಬಿಸಿ ಮಲಗುವವರಿಗೆ ಅದು ಆಗದು.

ಅಳತೆ ನಮಗೆ ಗೊತ್ತಿರಲಿಲ್ಲವೆನ್ನುವುದೂ ತಪ್ಪು. ನಮ್ಮ ಮಾಳಿಗೆ ಮನೆಯಲ್ಲಿ ಒಲೆ ಹಾಕಲು ಬರುತ್ತಿದ್ದ ಅಜ್ಜಿ, ಮಣ್ಣು ಕಲಸುವ ಮೊದಲು ಅಮ್ಮನಿಂದ ಮುದ್ದೆಯ ಗಡಿಗೆ ತರಿಸಿಕೊಂಡು ಅದರ ತಳಕ್ಕೆ ಗೇಣು ಹಿಡಿದೇ ಒಲೆಗುಂಡುಗಳನ್ನು ಕೂರಿಸುತ್ತಿದ್ದಳು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಆರಂಭವಾದ ಅಸ್ತ್ರ ಕೇಂದ್ರದವರು ರೂಪಿಸಿದ, ಕಟ್ಟಿಗೆ ಉಳಿಸುವ ಅಸ್ತ್ರ ಒಲೆಯಲ್ಲೂ ಪಾತ್ರೆ ಸಂದಿಲ್ಲದಂತೆ ಕೂರುವುದೇ ಮುಖ್ಯವಾಗಿತ್ತು.

ನನ್ನ ಚಿಕ್ಕ ಒಲೆ ಎಲ್ಲ ರಾತ್ರಿಗೂ ಸಾಲುತ್ತದೆ ಎನ್ನಲಾರೆ. ಸೊನ್ನೆಗಿಂತ 25 ಡಿಗ್ರಿ ಕೆಳಗಿಳಿದ ಎರಡು ಮೂರು ರಾತ್ರಿ ಬೆಳಗಿನ ಜಾವಕ್ಕೆ ಬೂದಿಯಡಿಯ ಕೆಂಡವಷ್ಟೇ ಉಳಿದು, ಮನೆ ಕಾಯಿಸುವ ಎಣ್ಣೆಯ ಯಂತ್ರ ಹಚ್ಚಬೇಕಾಯಿತು. ಉತ್ತರದ ಕೋಣೆಯ ಕಿಟಕಿಯ ಬಳಿ ಊದಿನಕಡ್ಡಿಯ ಹೊಗೆ ಇಂದಿಗೂ ಬಾಗುತ್ತದೆ. ಮಂಜು ಬೀಳುವ ಮೊದಲು ಆ ಚೌಕಟ್ಟನ್ನು ಬಿಚ್ಚಿ ಒಳಗಿನ ಪೊಳ್ಳನ್ನು ತುಂಬಿಸಬೇಕಾಗಿದೆ.