ಉದಾರವಾದ ಅಂದರೆ ಎಡಪಂಥ ಅಲ್ಲ

ಲಿಬರಲ್, ಅಂದರೆ ಉದಾರವಾದಿ, ಎಂದರೆ ಎಡಪಂಥೀಯ ಎಂದು ಲೇಖನದಲ್ಲಿ ಬರೆದಿದ್ದೀರಿ. ಅದು ಅಮೆರಿಕದ ಬಳಕೆ ಸರ್. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕಾಲದಿಂದ ಅಲ್ಲಿ ಆ ಪದಕ್ಕೆ, ಸರ್ಕಾರ ಬಡವರ ನೆರವಿಗೆ ಬರಬೇಕು ಎಂಬ ಅರ್ಥ ಅಂಟಿಕೊಂಡಿತು. ಆಸ್ಟ್ರೇಲಿಯಾದಲ್ಲಿ ನೋಡಿ, 1944ರಲ್ಲಿ ರಾಜಕಾರಣಿ ರಾಬರ್ಟ್ ಮೆನ್ಜೀಸ್ ಕಟ್ಟಿದ ಲಿಬರಲ್ ಪಕ್ಷ ಬಲಕ್ಕೆ ವಾಲಿದ ಪಕ್ಷ. ನಮ್ಮಲ್ಲೂ 1959ರಲ್ಲಿ ರಾಜಾಜಿ ಸ್ವತಂತ್ರ ಪಕ್ಷ ಕಟ್ಟಿದ್ದು ಲೈಸೆನ್ಸ್-ಪರ್ಮಿಟ್ ರಾಜ್ಯದ, ಅಂದರೆ ಉದ್ಯಮ ನಡೆಸಲು ಸರ್ಕಾರದ ಅನುಮತಿ ಬೇಕೆನ್ನುವ ವ್ಯವಸ್ಥೆಯ ವಿರುದ್ಧ. ಅದೂ ಉದಾರವಾದವೇ ಅಲ್ವಾ?

ನಮ್ಮ ‘ಉದಾರ’ ಪದವೂ ಸ್ವಲ್ಪ ದಾರಿ ತಪ್ಪಿಸುತ್ತದೆ. ಉದಾರಿ ಅಂದರೆ ಕೈಬಿಚ್ಚಿ ಕೊಡುವವನು. ಇಲ್ಲಿರುವುದು ದಾನದ ಮಾತಲ್ಲ, ವ್ಯಕ್ತಿಯ ಸ್ವಾತಂತ್ರ್ಯದ ಮಾತು. ನನ್ನ ಮಾತು, ನನ್ನ ನಂಬಿಕೆ, ನನ್ನ ದುಡಿಮೆ, ಇವುಗಳಲ್ಲಿ ಸರ್ಕಾರ ಸುಮ್ಸುಮ್ನೆ ಕೈಹಾಕಬಾರದು ಅನ್ನುವುದು. ಇಂಥ ಪದವನ್ನು ಈಗ ಬೈಗುಳದಂತೆ ಬಳಸುತ್ತಿರುವುದು ನೋಡಿದರೆ ನಿಜಕ್ಕೂ ಬೇಜಾರಾಗುತ್ತದೆ.