ಸೊಲ್ಲು ಕೊಟ್ಟು ಕೆಟ್ಟವನು

ಮಲೆ ಮಹದೇಶ್ವರ ಕಾವ್ಯದಲ್ಲಿ ನನಗೆ ಬೇಕಿದ್ದುದು ಸಂಕಮ್ಮನ ಸಾಲು, ಅಂದರೆ ಅವಳ ಕಥೆ ಬರುವ ಭಾಗ ಮಾತ್ರ. ಅದರಲ್ಲೂ ಜೇನಿಗೆ ಹೊರಟ ನೀಲೇಗೌಡ ಹೆಂಡತಿಯಿಂದ ಭಾಷೆ ಕೇಳುವ ಜಾಗ. ಎಪ್ಪತ್ತೇಳು ಮಲೆಯಲ್ಲಿ ಒಂದು ಹಿಡಿ ಮಣ್ಣು ಕೇಳಿದ ಹಾಗೆ.

ಹನೂರಿನ ಆಚೆಯ ಹಳ್ಳಿಯೊಂದರಲ್ಲಿ ಮಾದಪ್ಪನ ಕಥೆ ಹಾಡುವ ಹಿರಿಯ ದೇವರಗುಡ್ಡರೊಬ್ಬರು ಸಿಕ್ಕರು. "ಅದೊಂದು ಐದು ನಿಮಿಷ ಹಾಡಿಬಿಡಿ ತಾತ" ಎಂದೆ. "ಹಿಂದಿನದನ್ನು ಹಾಡದೆ ಮುಂದಿನದು ಬಾಯಿಗೆ ಬರುವುದಿಲ್ಲ ಸ್ವಾಮಿ" ಎಂದು ಏಕತಾರಿ ಎತ್ತಿಕೊಂಡರು. ಅವರ ಹಿಮ್ಮೇಳದವರು ಅಂದು ಯಾವುದೋ ಮದುವೆಗೆ ಹೋಗಿದ್ದರು. ಸೊಲ್ಲು, ಅಂದರೆ ನಡುನಡುವೆ ಮರಳಿ ಬರುವ ಪಲ್ಲವಿ, ಕೊಡುವವರಿಲ್ಲದೆ ಕಥೆ ನಡೆಯದು. ಹಾಡುವವನು ಉಸಿರೆಳೆದುಕೊಂಡು ಮುಂದಿನ ಮಾತು ಹುಡುಕುವುದೇ ಆ ಬಿಡುವಿನಲ್ಲಿ. ತಾತ ನನ್ನ ಮುಖ ನೋಡಿದರು. ಮೊಬೈಲಿನಲ್ಲಿ ಧ್ವನಿಮುದ್ರಣ ಶುರು ಮಾಡಿ, ಅಂಗಿಯ ಜೇಬಿಗೆ ಇಳಿಬಿಟ್ಟು ಕುಳಿತೆ.

ರಾತ್ರಿ ಹನ್ನೊಂದಾದರೂ ಮಾದಪ್ಪ ಹುಟ್ಟಿರಲಿಲ್ಲ. ಎರಡು ಗಂಟೆಗೆ ದೇವತೆಗಳು ಇನ್ನೂ ರಾಕ್ಷಸ ಶ್ರವಣನ ಸೆರೆಯಲ್ಲೇ ಇದ್ದರು. ನೀಲೇಗೌಡ ಕಾಡಿಗೆ ಹೊರಡುವಷ್ಟರಲ್ಲಿ ಕೋಳಿ ಕೂಗಿತು, ನನ್ನ ಗಂಟಲು ಕಟ್ಟಿತು.

ಮನೆಗೆ ಬಂದು ಕೇಳಿದರೆ ಮುಕ್ಕಾಲು ಪಾಲು ನನ್ನದೇ ದನಿ. ಎಲ್ಲೋ ಬಾವಿಯೊಳಗೆ ಸಂಕಮ್ಮ ಅಳುತ್ತಿದ್ದಾಳೆ, ಮೇಲೆ ನಿಂತು ನಾನು ಒರಲುತ್ತಿದ್ದೇನೆ. "ಪಾಪ, ಯಾರಿಗೆ ಏನಾಯಿತು?" ಎಂದು ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಮ್ಮ ವಸತಿ ಸಮುಚ್ಚಯದ ರಾಜ್ಯೋತ್ಸವಕ್ಕೆ ಹಾಡುತ್ತೇನೆಂದು ಒಪ್ಪಿಕೊಂಡೆ, ಕಂಸಾಳೆಯನ್ನೂ ಕೊಂಡೆ. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ಕುಚ್ಚು ಕಟ್ಟಿದ ಚಪ್ಪಟೆ ತಾಳ. ಬಲ್ಲವರು ಬೀಸಿದರೆ ಅದು ತಲೆ, ಬೆನ್ನು ಸುತ್ತಿ ಬಂದು ಬಟ್ಟಲಿಗೇ ಬಡಿಯುತ್ತದೆ. ನಾನು ಬೀಸಿದಾಗ ಅದು ನೇರವಾಗಿ ನನ್ನ ಹೆಬ್ಬೆರಳಿಗೆ ಬಡಿಯಿತು. ಜನ ಅದನ್ನೂ ತಾಳವೆಂದೇ ತಿಳಿದು ಚಪ್ಪಾಳೆ ತಟ್ಟಿದರು.

ನೋವು ನುಂಗಿ ಬಾಯಿ ತೆರೆದರೆ ಕಥೆಯೇ ಬರಲಿಲ್ಲ. ಬರುವುದಾದರೂ ಹೇಗೆ? ಇಡೀ ರಾತ್ರಿ ನಾನು ಕಲಿತದ್ದು ಸೊಲ್ಲು ಮಾತ್ರ. ಅದನ್ನೇ ಹಾಡಿದೆ. ಮತ್ತೆ ಹಾಡಿದೆ. ಮೂರನೆಯ ಸಲಕ್ಕೆ ಗೇಟಿನ ಬಳಿಯಿದ್ದ ಕೊಳ್ಳೇಗಾಲದ ಕಡೆಯ ಕಾವಲುಗಾರರಿಗೆ ತಡೆಯಲಾಗಲಿಲ್ಲ. ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ನಿಂತಲ್ಲಿಂದಲೇ ಕಥೆ ಎತ್ತಿಕೊಂಡರು.

ಅವರೂ ಮೊದಲಿನಿಂದಲೇ ಎತ್ತಿಕೊಂಡರು. ಊಟದ ಮೇಜಿನ ಮೇಲೆ ಬಿಸಿಬೇಳೆಬಾತ್ ಆರುತ್ತಿತ್ತು, ನಾನು ಸೊಲ್ಲು ಕೊಡುತ್ತಿದ್ದೆ.